ಎರಡು ಆಸ್ಪತ್ರೆ, ಎರಡು ಸೀಳು: ಕಣ್ಣಿನ ಪೊರೆ ತೆಗೆಸಿದ ಅನುಭವದ ವಿಮರ್ಶೆ

ಕಳೆದ ವರ್ಷ ನಾಲ್ಕು ತಿಂಗಳ ಅಂತರದಲ್ಲಿ ನಮ್ಮ ಮನೆಯ ಎರಡು ಕಣ್ಣುಗಳ ಪೊರೆ ತೆಗೆಸಿದೆವು. ಮೊದಲನೆಯದು 83 ವರ್ಷದ ನಮ್ಮ ತಾಯಿಯವರ ಬಲಗಣ್ಣು. ಅದು ನಡೆದದ್ದು ನಮ್ಮ ಜಿಲ್ಲಾ ಕೇಂದ್ರದ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯಲ್ಲಿ. ಎರಡನೆಯದು 61 ವರ್ಷದ ನನ್ನ ಎಡಗಣ್ಣು. ಅದನ್ನು ಬೆಂಗಳೂರಿನಲ್ಲಿ, ಮಗಳ ಮನೆಗೆ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡೆ. ಎರಡೂ ಕಡೆ ಗೋಡೆಯ ಮೇಲೆ ‘ಹೊಲಿಗೆ ಇಲ್ಲದ ಆಪರೇಷನ್’ ಎಂಬ ಫಲಕವಿತ್ತು, ಎರಡೂ ಕಡೆ ಆ ಮಾತು ನಿಜವೂ ಆಗಿತ್ತು. ಆದರೆ ತಾಯಿಯವರ ಕಣ್ಣಿಗೆ ಹಾಕಿದ ಸೀಳು ಸುಮಾರು ಆರೂವರೆ ಮಿಲಿಮೀಟರ್, ನನ್ನದು 2.8 ಮಿಲಿಮೀಟರ್, ಅವರದಕ್ಕೆ ನಾವು ಕಟ್ಟಿದ್ದು 6,500 ರೂಪಾಯಿ, ನನ್ನದಕ್ಕೆ 48,000. ಈ ಅಂತರದಲ್ಲಿ ಎಷ್ಟು ಪಾಲು ಸೀಳಿನದು, ಎಷ್ಟು ಪಾಲು ಸೋಫಾ ಮತ್ತು ಹವಾನಿಯಂತ್ರಣದ್ದು ಎಂಬುದನ್ನು ತಿಳಿಯಬೇಕೆಂಬ ಕುತೂಹಲದಿಂದ ಈ ಬರಹ ಹುಟ್ಟಿದೆ. ನಾನು ವೈದ್ಯನಲ್ಲ, ಮೂರು ದಶಕ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಆದ್ದರಿಂದ ಇಲ್ಲಿರುವುದು ಒಬ್ಬ ರೋಗಿಯ ಮತ್ತು ಒಬ್ಬ ರೋಗಿಯ ಮಗನ ಅಭಿಪ್ರಾಯ ಎಂದು ತಿಳಿದು ಓದಬೇಕು.

ನಮ್ಮ ಮನೆಗೆ ಪೊರೆಯ ಆಪರೇಷನ್ ಹೊಸದಲ್ಲ. ನಮ್ಮ ಅಜ್ಜಿಗೆ 1970ರ ದಶಕದಲ್ಲಿ ತಾಲ್ಲೂಕಿನ ಶಾಲೆಯೊಂದರಲ್ಲಿ ನಡೆದ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಆ ಕಾಲದ ವಿಧಾನದಲ್ಲಿ ಕಪ್ಪುಗುಡ್ಡೆಯ ಮೇಲಂಚಿನ ಸುತ್ತ ಹೆಚ್ಚುಕಡಿಮೆ ಅರ್ಧ ವೃತ್ತದಷ್ಟು, ಅಂದರೆ ಹನ್ನೆರಡು ಮಿಲಿಮೀಟರಿಗೂ ಮಿಕ್ಕಿ ಕೊಯ್ದು, ಮಂಜಾದ ಮಸೂರವನ್ನು (ಪೊರೆ ಎನ್ನುವುದು ಅದನ್ನೇ) ಅದರ ಚೀಲದ ಸಮೇತ ಇಡಿಯಾಗಿ ಹೊರತೆಗೆಯುತ್ತಿದ್ದರು. ಚೀಲವೇ ಹೋದ ಮೇಲೆ ಒಳಗೆ ಹೊಸ ಲೆನ್ಸ್ ಕೂರಿಸಲು ತಾವೇ ಉಳಿಯುತ್ತಿರಲಿಲ್ಲ. ಹಾಗಾಗಿ ಹತ್ತು ಡಯಾಪ್ಟರಿನ (ಕನ್ನಡಕದ ನಂಬರನ್ನು ಅಳೆಯುವ ಮಾನ) ಆಸುಪಾಸಿನ ಸೋಡಾಬುಡ್ಡಿ ಕನ್ನಡಕವೇ ಗತಿ. ಆ ಕನ್ನಡಕ ವಸ್ತುಗಳನ್ನು ಕಾಲುಪಾಲಿಗಿಂತ ಹೆಚ್ಚು ದೊಡ್ಡದಾಗಿ, ಹತ್ತಿರವಾಗಿ ತೋರಿಸುತ್ತದೆ. ಅಜ್ಜಿ ಲೋಟಕ್ಕೆಂದು ಬಗ್ಗಿಸಿದ ಕಾಫಿ ಲೋಟದ ಈಚೆ ಬೀಳುತ್ತಿದ್ದುದು ನನಗೆ ನೆನಪಿದೆ. ಆದರೂ ಅವರು ಆ ಶಿಬಿರದ ಡಾಕ್ಟರನ್ನು ಕೊನೆಯವರೆಗೂ ದೇವರೆಂದೇ ಕರೆಯುತ್ತಿದ್ದರು. ಬಾಗಲಕೋಟೆ ಸೀಮೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ನಡೆಸಿ, ಒಂದೇ ದಿನದಲ್ಲಿ 833 ಪೊರೆಗಳನ್ನು ತೆಗೆದ ದಾಖಲೆ ಮಾಡಿದ್ದು ಇಂಥ ಕಾಲದಲ್ಲೇ. ಕುರುಡುತನಕ್ಕೂ ಸೋಡಾಬುಡ್ಡಿಗೂ ನಡುವೆ ಆಯ್ದುಕೊಳ್ಳಬೇಕಾದವರಿಗೆ ಸೀಳಿನ ಉದ್ದ ಒಂದು ಪ್ರಶ್ನೆಯೇ ಆಗಿರಲಿಲ್ಲ.

ಅನಂತರದ್ದು ದೊಡ್ಡಪ್ಪನವರ ಸರದಿ, 1990ರ ದಶಕದ ಆರಂಭ. ಅಷ್ಟರಲ್ಲಿ ಚೀಲವನ್ನು ಒಳಗೇ ಉಳಿಸಿ, ಅದರಲ್ಲಿ ಲೆನ್ಸ್ ಇಡುವ ಪದ್ಧತಿ ನಮ್ಮ ಕಡೆಗೂ ಬಂದಿತ್ತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರ ಇಟ್ಟಾಗಿನಿಂದ ಲೆಕ್ಕ ಹಾಕಿದರೆ, ಅದು ನಮ್ಮ ದೊಡ್ಡಪ್ಪನವರೆಗೆ ತಲುಪಲು ನಾಲ್ಕು ದಶಕ ಹಿಡಿಯಿತು. ದೊಡ್ಡಪ್ಪನವರ ಸೀಳು ಹತ್ತರಿಂದ ಹನ್ನೆರಡು ಮಿಲಿಮೀಟರಿನದು, ಅದಕ್ಕೆ ಕೂದಲಿಗಿಂತ ತೆಳುವಾದ ನೈಲಾನ್ ದಾರದ ಐದಾರು ಹೊಲಿಗೆ. ಹೊಲಿಗೆ ಬಿಗಿಯಾದರೆ ಕಣ್ಣಿನ ಮುಂಭಾಗ ಸೆಳೆದುಕೊಂಡು ವಕ್ರವಾಗುತ್ತಿತ್ತು, ಸಡಿಲವಾದರೆ ಗಾಯ ಸೋರುತ್ತಿತ್ತು. ಆರೇಳು ವಾರದ ಮೇಲೆ ಎರಡು ಹೊಲಿಗೆ ಬಿಚ್ಚಿದ್ದರು. ಉಳಿದ ಒಂದು ದಾರದ ತುದಿ ವರ್ಷವಾದ ಮೇಲೂ ರೆಪ್ಪೆಗೆ ಚುಚ್ಚುತ್ತಿತ್ತು.

ಈ ಎರಡು ಹಳೆಯ ಸೀಳುಗಳನ್ನು ನೆನೆದದ್ದು ಒಂದು ಕಾರಣಕ್ಕೆ. ಸೀಳಿನ ಅಳತೆಯನ್ನು ಡಾಕ್ಟರ ಕೈಚಳಕವೊಂದೇ ನಿರ್ಧರಿಸುವುದಿಲ್ಲ. ಹಳೆಯ ಮಸೂರ ಹೊರಗೆ ಬರುವುದು ಇಡಿಯಾಗಿಯೋ ಪುಡಿಯಾಗಿಯೋ, ಹೊಸ ಲೆನ್ಸ್ ಒಳಗೆ ಹೋಗುವುದು ಅಗಲವಾಗಿಯೋ ಮಡಚಿಕೊಂಡೋ ಎಂಬ ಎರಡು ಸಂಗತಿಗಳು ಅದನ್ನು ನಿರ್ಧರಿಸುತ್ತವೆ. ತಾಯಿಯವರಿಗೆ ಮಾಡಿದ್ದು ಕೈಯಿಂದ ಮಾಡುವ ಸಣ್ಣ ಸೀಳಿನ ಶಸ್ತ್ರಚಿಕಿತ್ಸೆ. ಆಸ್ಪತ್ರೆಯವರು ಅದನ್ನು ಎಸ್‌ಐಸಿಎಸ್ ಎನ್ನುತ್ತಾರೆ. ಅದರಲ್ಲಿ ಮಸೂರದ ಗಟ್ಟಿ ತಿರುಳು ಇಡಿಯಾಗಿಯೇ ಹೊರಬರುತ್ತದೆ, ಮಡಚಲಾಗದ ಆರು ಮಿಲಿಮೀಟರ್ ಅಗಲದ ಲೆನ್ಸ್ ಒಳಗೆ ಹೋಗುತ್ತದೆ. ನನಗೆ ಮಾಡಿದ್ದು ಫೇಕೋ. ಅದರಲ್ಲಿ ಶ್ರವಣಾತೀತ ಕಂಪನದ ಸೂಜಿಯೊಂದು ತಿರುಳನ್ನು ಕಣ್ಣೊಳಗೇ ಒಡೆದು ಹೀರಿಕೊಳ್ಳುತ್ತದೆ, ಸುರುಳಿ ಸುತ್ತಿದ ಲೆನ್ಸ್ ನಳಿಕೆಯ ಮೂಲಕ ಒಳಗೆ ಹೋಗಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಚಾರ್ಲ್ಸ್ ಕೆಲ್ಮನ್‌ಗೆ 1960ರ ದಶಕದಲ್ಲಿ ಇದು ಹೊಳೆದದ್ದು ದಂತವೈದ್ಯರ ಕುರ್ಚಿಯಲ್ಲಿ, ಹಲ್ಲಿನ ಕಿಟ್ಟ ತೆಗೆಯುವ ಯಂತ್ರದಿಂದ. ನಮ್ಮ ಜನ ಇದನ್ನು ‘ಲೇಸರ್ ಆಪರೇಷನ್’ ಎನ್ನುವುದು ರೂಢಿ. ಇದರಲ್ಲಿ ಲೇಸರ್ ಎಳ್ಳಷ್ಟೂ ಇಲ್ಲ. ಈ ತಪ್ಪು ತಿಳಿವಳಿಕೆಯನ್ನು ತಿದ್ದುವ ಆತುರ ಖಾಸಗಿ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ನನಗೆ ಕಾಣಲಿಲ್ಲ.

ಧರ್ಮಾರ್ಥ ಆಸ್ಪತ್ರೆಯ ಸೇವೆಯನ್ನು ಮೊದಲು ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಬರಹೇಳಿ ಹನ್ನೊಂದೂವರೆಗೆ ಒಳಗೆ ಕರೆದುಕೊಂಡರು. ಅಷ್ಟು ಹೊತ್ತು ನಲವತ್ತಕ್ಕೂ ಹೆಚ್ಚು ಹಿರಿಯರು ಹಸಿರು ನಿಲುವಂಗಿ ತೊಟ್ಟು, ಹಣೆಯ ಮೇಲೆ ಯಾವ ಕಣ್ಣೆಂಬ ಗುರುತಿನ ಪಟ್ಟಿ ಅಂಟಿಸಿಕೊಂಡು, ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದರು. ಕಾಯಿಸಿದ್ದು ಬೇಸರವೇ, ಆದರೆ ಪ್ರತಿ ಅರ್ಧ ಗಂಟೆಗೊಮ್ಮೆ ನರ್ಸ್ ಬಂದು ಪಾಪೆ ಹಿಗ್ಗುವ ಹನಿ ಹಾಕಿ, ‘ಅಜ್ಜಿ, ಕಣ್ಣು ಉಜ್ಜಬ್ಯಾಡ್ರಿ’ ಎಂದು ಪ್ರತಿಯೊಬ್ಬರಿಗೂ ಹೇಳಿ ಹೋಗುತ್ತಿದ್ದ ಶಿಸ್ತು ಮೆಚ್ಚತಕ್ಕದ್ದು. ಕಣ್ಣಿನ ಪಕ್ಕದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ತಾಯಿಯವರ ಮಾತಿನಲ್ಲಿ ಹೇಳುವುದಾದರೆ ಇಡೀ ಆಪರೇಷನ್ನಿನಲ್ಲಿ ನೋವಾದದ್ದು ಅದೊಂದೇ. ಒಳಗೆ ಹೋಗಿ ಹೊರಬರಲು ಇಪ್ಪತ್ತು ನಿಮಿಷವಾಗಲಿಲ್ಲ. ರಾತ್ರಿಯಿಡೀ ಪಟ್ಟಿ, ಮರುದಿನ ಬೆಳಿಗ್ಗೆ ಅದನ್ನು ಬಿಚ್ಚಿದಾಗ ಬಿಳಿಗುಡ್ಡೆಯ ಮೇಲ್ಭಾಗ ಕೆಂಪಾಗಿತ್ತು, ಮರಳು ಬಿದ್ದಂತೆ ಚುರುಚುರು ಎನ್ನುತ್ತಿತ್ತು. ಕೆಂಪು ಇಳಿಯಲು ಎರಡು ವಾರ ಹಿಡಿಯಿತು.

ಆ ಕೆಂಪಿಗೆ ಕಾರಣ ಸೀಳು ಇದ್ದ ಜಾಗ. ಈ ವಿಧಾನದಲ್ಲಿ ಕೊಯ್ಯುವುದು ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರವಾದ ಕಾರ್ನಿಯಾವನ್ನಲ್ಲ. ಅದರ ಅಂಚಿನಿಂದ ಒಂದೂವರೆ, ಎರಡು ಮಿಲಿಮೀಟರ್ ಹಿಂದೆ, ರಕ್ತನಾಳಗಳಿರುವ ಬಿಳಿಗುಡ್ಡೆಯಲ್ಲಿ ಸೀಳು ಆರಂಭವಾಗುತ್ತದೆ. ಅಲ್ಲಿಂದ ಅರ್ಧಚಂದ್ರದಂತಹ ಬಾಗಿದ ಬ್ಲೇಡಿನಿಂದ ಪದರಗಳ ನಡುವೆ ಸುರಂಗ ಕೊರೆಯುತ್ತಾ ಕಾರ್ನಿಯಾದೊಳಕ್ಕೆ ಬಂದು, ಅಲ್ಲಿ ಕಣ್ಣನ್ನು ಪ್ರವೇಶಿಸುತ್ತಾರೆ. ಸುರಂಗದ ಹೊರಬಾಯಿ ಆರೇಳು ಮಿಲಿಮೀಟರ್ ಇದ್ದರೆ ಒಳಬಾಯಿ ಅದಕ್ಕಿಂತ ಅಗಲ. ದೊಡ್ಡ ತಿರುಳು ಕೊಳವೆಗೆ ಸಿಕ್ಕಿಕೊಳ್ಳದೆ ಜಾರಿ ಬರಲಿ ಎಂದು ಈ ಏರ್ಪಾಟು. ಕೆಲಸ ಮುಗಿದ ಮೇಲೆ ಕಣ್ಣೊಳಗಿನ ಒತ್ತಡವೇ ಒಳಗಿನ ತುಟಿಯನ್ನು ಮೇಲಕ್ಕೆ ಒತ್ತಿ ಬಾಗಿಲು ಹಾಕುತ್ತದೆ, ಹೊಲಿಗೆ ಬೇಕಾಗುವುದಿಲ್ಲ. ಹಳ್ಳಿಯ ಮನೆಯ ಬಾಗಿಲು ಒಳಗಿನಿಂದ ಅಗುಳಿ ಹಾಕಿಕೊಂಡಂತೆ ಇದು. ಒಳಗಿನ ಒತ್ತಡವೇ ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ.

ಇಷ್ಟಕ್ಕೇ ಮುಗಿಯದು, ಹೊರಬಾಯಿಯ ಆಕಾರವೂ ಮುಖ್ಯ. ಕಾರ್ನಿಯಾದ ಅಂಚಿಗೆ ಸಮಾನಾಂತರವಾಗಿ, ನಗುವ ತುಟಿಯಂತೆ ಬಾಗಿಸಿ ಕೊಯ್ದರೆ ಗಾಯದ ಎರಡು ತುದಿಗಳೂ ಅಂಚಿಗೆ ಹತ್ತಿರ ಉಳಿದು, ಗಾಯ ಸಡಿಲವಾಗಿ ಕಾರ್ನಿಯಾದ ಡೊಂಕು ಹೆಚ್ಚುತ್ತದೆ. ಅದರ ಬದಲು ಹುಬ್ಬು ಗಂಟಿಕ್ಕಿದಂತೆ ಎದುರು ದಿಕ್ಕಿಗೆ ಬಾಗಿಸಿದರೆ ತುದಿಗಳು ಅಂಚಿನಿಂದ ದೂರ ಸರಿಯುತ್ತವೆ, ಡೊಂಕು ಕಡಿಮೆಯಾಗುತ್ತದೆ. ಹೊರಗಿನವರಿಗೆ ಒಂದೇ ಎನಿಸುವ ಆರೂವರೆ ಮಿಲಿಮೀಟರಿನ ಎರಡು ಸೀಳುಗಳು ಬೇರೆ ಬೇರೆ ದೃಷ್ಟಿ ಕೊಡುವುದು ಹೀಗೆ. ತಾಯಿಯವರದು ಎರಡನೆಯ ಬಗೆಯದು ಎಂದು ಡಾಕ್ಟರು ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಅಷ್ಟು ಜನಸಂದಣಿಯಲ್ಲೂ ಆ ಚಿತ್ರಕ್ಕೆ ಅವರು ಕೊಟ್ಟ ನಾಲ್ಕು ನಿಮಿಷವನ್ನು ನಾನು ಮರೆಯಲಾರೆ.

ತಾಯಿಯವರಿಗೆ ಫೇಕೋ ಏಕೆ ಬೇಡ ಎಂದು ನಾನು ಕೇಳಿದ್ದೆ. ದುಡ್ಡಿನ ಯೋಚನೆಯಿಂದ ಹೇಳುತ್ತಿದ್ದಾರೇನೋ ಎಂಬ ಅನುಮಾನವೂ ಇತ್ತು. ಆ ಆಸ್ಪತ್ರೆಯಲ್ಲಿ ಫೇಕೋ ಯಂತ್ರವೂ ಇತ್ತು, ಅದಕ್ಕೆ ಬೇರೆ ದರವೂ ಇತ್ತು. ಆದರೆ ‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎಂಬ ಹಳೆಯ ಕಾಲದ ಮಾತನ್ನು ನಂಬಿ ತಾಯಿಯವರು ಐದಾರು ವರ್ಷ ತಳ್ಳಿದ್ದರಿಂದ ಅವರ ಪೊರೆ ಬೆಲ್ಲದ ಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು. ಅಂಥ ತಿರುಳನ್ನು ಕಣ್ಣೊಳಗೆ ಪುಡಿ ಮಾಡಲು ಹೆಚ್ಚು ಹೊತ್ತು ಹೆಚ್ಚು ಶಕ್ತಿಯ ಕಂಪನ ಬೇಕು. ಅದರ ಪೆಟ್ಟು ಕಾರ್ನಿಯಾದ ಒಳಮೈಯಲ್ಲಿರುವ, ಸತ್ತರೆ ಮತ್ತೆ ಹುಟ್ಟದ ಜೀವಕೋಶಗಳಿಗೆ ತಗಲುತ್ತದೆ. ಇಡಿಯಾಗಿ ಹೊರಗೆ ತರುವುದೇ ಕ್ಷೇಮ ಎಂದರು. ಸೋಡಾಬುಡ್ಡಿಯ ಕಾಲಕ್ಕೆ ಪೊರೆ ಪೂರ್ತಿ ಬಲಿಯುವವರೆಗೆ ಕಾಯುವುದರಲ್ಲಿ ಅರ್ಥವಿತ್ತು. ಈಗ ಕಾದಷ್ಟೂ ಸೀಳು ದೊಡ್ಡದಾಗುವ ಸಂಭವವೇ ಹೆಚ್ಚು.

ಈ ವಿಧಾನವನ್ನು ಬಡವರ ಪಾಲಿನ ಎರಡನೆಯ ದರ್ಜೆಯದೆಂದು ಭಾವಿಸುವವರು ನೇಪಾಳದ ಒಂದು ಅಧ್ಯಯನವನ್ನು ನೋಡಬೇಕು. ಕಠ್ಮಂಡುವಿನ ತಿಲಗಂಗಾ ಕಣ್ಣಾಸ್ಪತ್ರೆಯ ಡಾ. ಸಂದುಕ್ ರುಯಿತ್ ಮತ್ತು ಅಮೆರಿಕದ ಡಾ. ಡೇವಿಡ್ ಚಾಂಗ್ ಅವರ ತಂಡ, ಬಲಿತ ಪೊರೆಗಳಿದ್ದ 108 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಫೇಕೋ, ಇನ್ನೊಂದಕ್ಕೆ ಕೈಯ ಸಣ್ಣ ಸೀಳು ಮಾಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಆರು ತಿಂಗಳ ಬಳಿಕ ಕನ್ನಡಕವಿಲ್ಲದೆ 6/18 (ಸರಿಯಾದ ಕಣ್ಣು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವಷ್ಟು) ಅಥವಾ ಅದಕ್ಕಿಂತ ಉತ್ತಮವಾಗಿ ಕಾಣುತ್ತಿದ್ದವರು ಫೇಕೋ ಗುಂಪಿನಲ್ಲಿ ಶೇ. 85, ಇನ್ನೊಂದರಲ್ಲಿ ಶೇ. 89. ತಗುಲಿದ ಸಮಯ ಮಾತ್ರ ಫೇಕೋಗೆ ಹದಿನೈದೂವರೆ ನಿಮಿಷ, ಇನ್ನೊಂದಕ್ಕೆ ಒಂಬತ್ತು. ಇದನ್ನೇ ಹಿಡಿದು ಎರಡೂ ಒಂದೇ ಎಂದುಬಿಟ್ಟರೆ ಅದೂ ಅವಸರದ ತೀರ್ಪು. ಪುಣೆಯಲ್ಲಿ 400 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಆರು ವಾರದ ಬಳಿಕ ಕನ್ನಡಕವಿಲ್ಲದೆ ಅಷ್ಟೇ ಕಂಡವರು ಫೇಕೋದಲ್ಲಿ ಶೇ. 81, ಕೈಯ ವಿಧಾನದಲ್ಲಿ ಶೇ. 71, ಕನ್ನಡಕ ಹಾಕಿದ ಮೇಲೆ ಎರಡೂ ಗುಂಪು ಶೇ. 98ರ ಮಟ್ಟಕ್ಕೆ ಸಮವಾದವು. ನನ್ನ ಓದಿನಲ್ಲಿ ಇದರ ಅರ್ಥ ಇಷ್ಟೇ: ಸೀಳಿನ ದೊಡ್ಡತನಕ್ಕೆ ತೆರಬೇಕಾದ ಬೆಲೆ ಬಹುಪಾಲು ಒಂದು ಕನ್ನಡಕ.

ಧರ್ಮಾರ್ಥ ಆಸ್ಪತ್ರೆಯ ಮೇಲೆ ನನ್ನ ದೂರು ಇರುವುದೂ ಇಲ್ಲಿಯೇ. ಆ ಕನ್ನಡಕದ ಮಾತನ್ನು ಅವರು ಮೊದಲೇ ಹೇಳಲಿಲ್ಲ. ಆರು ವಾರದ ಬಳಿಕ ಪರೀಕ್ಷಿಸಿದಾಗ ತಾಯಿಯವರಿಗೆ ಒಂದೂಮುಕ್ಕಾಲು ಡಯಾಪ್ಟರಿನ ಸಿಲಿಂಡರ್ ನಂಬರು, ಅಂದರೆ ಕಾರ್ನಿಯಾದ ಡೊಂಕನ್ನು ಸರಿದೂಗಿಸುವ ನಂಬರು, ಬಂತು. ಆಪರೇಷನ್ನಿಗೆ ಮೊದಲು ಅದು ಮುಕ್ಕಾಲಿನಷ್ಟಿತ್ತು. ‘ಲೆನ್ಸ್ ಹಾಕಿದ ಮೇಲೂ ಕನ್ನಡಕ ಯಾಕಪ್ಪಾ?’ ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವಯಸ್ಸಾದವರ ಕಾರ್ನಿಯಾ ಸಾಮಾನ್ಯವಾಗಿ ಅಡ್ಡ ದಿಕ್ಕಿನಲ್ಲಿ ಹೆಚ್ಚು ಡೊಂಕಾಗಿರುತ್ತದೆ. ಸೀಳನ್ನು ಮೇಲ್ಭಾಗದಲ್ಲಿ ಹಾಕಿದರೆ ಲಂಬ ದಿಕ್ಕು ಇನ್ನಷ್ಟು ಚಪ್ಪಟೆಯಾಗಿ ಆ ಅಂತರ ಹಿಗ್ಗುತ್ತದೆ. ಕಿವಿಯ ಕಡೆಯ ಪಕ್ಕದಲ್ಲಿ ಹಾಕಿದ್ದರೆ ಇದ್ದ ಡೊಂಕೇ ತಗ್ಗುತ್ತಿತ್ತು. ಮೇಲಿನ ಸೀಳಿಗೆ ರೆಪ್ಪೆಯ ಮರೆ ಸಿಗುತ್ತದೆ ಮತ್ತು ಡಾಕ್ಟರಿಗೆ ತಲೆಯ ಹಿಂದೆ ಕುಳಿತು ಮಾಡುವುದು ರೂಢಿ ಎಂಬುದು ನಿಜವೇ. ಆದರೂ ಒಂದು ಸಾಲಿನ ಮುನ್ಸೂಚನೆ ಕೊಡಬಹುದಿತ್ತು. ಬಿಡುಗಡೆಯ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದ್ದದ್ದು ಇನ್ನೊಂದು ಕೊರತೆ. ಬೆಂಚಿನ ಮೇಲೆ ಕುಳಿತಿದ್ದ ಆ ಹಿರಿಯರ ಪೈಕಿ ಅದನ್ನು ಓದಬಲ್ಲವರು ಎಷ್ಟು ಮಂದಿ?

ಬೆಂಗಳೂರಿನ ಆಸ್ಪತ್ರೆಯಲ್ಲಿ ಅನುಭವ ತಿರುಗುಮುರುಗು. ಅಲ್ಲಿ ಹೇಳುವವರು ಬೇಕಾದಷ್ಟಿದ್ದರು. ಡಾಕ್ಟರನ್ನು ಕಾಣುವ ಮೊದಲೇ ಕೌನ್ಸೆಲರ್ ಒಬ್ಬರು ಹೊಳೆಯುವ ಹಾಳೆ ಹರಡಿ, ಮದುವೆ ಮಂಟಪದ ಊಟದ ಪಟ್ಟಿಯಂತೆ ನಾಲ್ಕು ಪ್ಯಾಕೇಜು ತೋರಿಸಿದರು. ಲೆನ್ಸ್ ಯಾವ ದೇಶದ್ದು, ಕೋಣೆ ಯಾವ ದರ್ಜೆಯದು ಎಲ್ಲವೂ ಅದರಲ್ಲಿತ್ತು. ಸೀಳು ಎಷ್ಟು, ಎಲ್ಲಿ ಎಂಬುದು ಮಾತ್ರ ಇರಲಿಲ್ಲ. ಮೇಲಿನ ಪ್ಯಾಕೇಜಿಗೆ ಇನ್ನೂ 40,000 ಸೇರಿಸಿದರೆ ‘ಬ್ಲೇಡ್ ಮುಟ್ಟದ’ ಫೆಮ್ಟೋ ಲೇಸರ್, ಅದರಲ್ಲಿ ಸೀಳನ್ನೂ ಲೇಸರೇ ಹಾಕುತ್ತದೆ ಎಂದರು. ಹಾಕುವುದು ನಿಜ, ಅಳತೆಗೆ ಸರಿಯಾಗಿ ಹಾಕುವುದೂ ನಿಜ. ಆದರೆ ಫ್ರಾನ್ಸಿನ ಐದು ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ, ಅದೇ ವರ್ಷ ಬ್ರಿಟನ್ನಿನಿಂದ 785 ರೋಗಿಗಳ ಮೇಲೆ ಬಂದ ಇನ್ನೊಂದೂ, ಮಾಮೂಲಿ ಫೇಕೋಗಿಂತ ಇದರಿಂದ ರೋಗಿಗೆ ಹೆಚ್ಚಿನ ಲಾಭ ಕಾಣಲಿಲ್ಲ ಎಂದೇ ಹೇಳುತ್ತವೆ. ತಿರುಳನ್ನು ಹೀರಲು ಕೊನೆಗೂ ಅದೇ ಫೇಕೋ ಸೂಜಿ ಒಳಗೆ ಹೋಗಬೇಕು. ನಾನು ಬೇಡವೆಂದೆ, ಅವರು ಬೇಸರಿಸಲಿಲ್ಲ, ಆದರೆ ಮತ್ತೆರಡು ಸಲ ಫೋನ್ ಮಾಡಿದರು.

ಆಪರೇಷನ್ ಮಾತ್ರ ಸೊಗಸಾಗಿ ನಡೆಯಿತು. ಚುಚ್ಚುಮದ್ದಿಲ್ಲ, ಮರಗಟ್ಟಿಸುವ ಹನಿ ಮಾತ್ರ. ಡಾಕ್ಟರು ನನ್ನ ಎಡಗಿವಿಯ ಪಕ್ಕ ಕುಳಿತರು. ಸೀಳು ಪಕ್ಕದಲ್ಲೇ ಎಂದು ನನಗೆ ಆಗಲೇ ಗೊತ್ತಾಯಿತು. ನೀಲಿ, ನೇರಳೆ, ಗುಲಾಬಿ ಬೆಳಕುಗಳು ನೀರಿನಡಿಯಲ್ಲಿ ಕಂಡಂತೆ ಕದಲಿದವು, ಯಂತ್ರ ಸಣ್ಣಗೆ ಗುನುಗಿತು, ಹನ್ನೆರಡು ನಿಮಿಷಕ್ಕೆ ಎದ್ದು ಕೂರಿಸಿದರು. ಪಟ್ಟಿಯಿಲ್ಲ, ಕಪ್ಪು ಕನ್ನಡಕವೊಂದೇ. ಕಣ್ಣು ಕೆಂಪಾಗಲೇ ಇಲ್ಲ, ಏಕೆಂದರೆ ಸೀಳು ರಕ್ತನಾಳಗಳಿಲ್ಲದ ಕಾರ್ನಿಯಾದಲ್ಲಿತ್ತು. ಮರುದಿನ ಕನ್ನಡಕವಿಲ್ಲದೆ 6/9 ಸಾಲು ಓದಿದೆ. ನಾಲ್ಕು ವಾರದ ಬಳಿಕ ಅಳೆದಾಗ ಸಿಲಿಂಡರ್ ಕಾಲು ಡಯಾಪ್ಟರಿನಷ್ಟೇ ಬದಲಾಗಿತ್ತು; ದೂರಕ್ಕೆ ಕನ್ನಡಕ ಬೇಕಾಗಲಿಲ್ಲ, ಓದಲು ಮಾತ್ರ ಬೇಕು. ಮೂರನೆಯ ದಿನಕ್ಕೆ ನಾನು ಮೊಮ್ಮಗಳನ್ನು ಶಾಲೆಯ ಬಸ್ಸಿಗೆ ಬಿಟ್ಟು ಬಂದೆ. ದುಡಿಯುವ ವಯಸ್ಸಿನವರಿಗೆ, ಗಾಡಿ ಓಡಿಸುವವರಿಗೆ, ಪೊರೆ ಇನ್ನೂ ಮೆದುವಾಗಿರುವಾಗಲೇ ಬಂದವರಿಗೆ ಈ ಸಣ್ಣ ಸೀಳು ನಿಜವಾಗಿಯೂ ದುಡ್ಡಿಗೆ ತಕ್ಕ ಸೇವೆ ಎಂದು ನಾನು ಹೇಳಬಲ್ಲೆ.

ಆದರೂ ಚಿಕ್ಕದೆಂಬ ಮಾತ್ರಕ್ಕೆ ಸುರಕ್ಷಿತ ಎಂದುಕೊಳ್ಳಬಾರದು. ಬಿಳಿಗುಡ್ಡೆಯ ಸುರಂಗದ ಮೇಲೆ ಅದರ ಹೊದಿಕೆಯ ತೆಳುಪದರ ಮತ್ತೆ ಮುಚ್ಚಿಕೊಳ್ಳುತ್ತದೆ; ಕಾರ್ನಿಯಾದ ಸೀಳು ಬಯಲಿನಲ್ಲಿರುತ್ತದೆ. ಅದರ ಅಂಚುಗಳಿಗೆ ಲವಣದ ನೀರು ತುಂಬಿ ಉಬ್ಬಿಸಿ ಮುಚ್ಚುತ್ತಾರೆ. ಸರಿಯಾಗಿ ಮುಚ್ಚದಿದ್ದರೆ ಹೊರಗಿನ ಕಣ್ಣೀರು ಒಳಕ್ಕೆ ಜಿನುಗಿ ಸೋಂಕು ತಗಲಬಹುದು. ಯುರೋಪಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಳಿಗುಡ್ಡೆಯ ಸುರಂಗಕ್ಕಿಂತ ಕಾರ್ನಿಯಾದ ಸೀಳಿನಲ್ಲಿ ಕಣ್ಣೊಳಗಿನ ಸೋಂಕಿನ ಅಪಾಯ ಐದು ಪಟ್ಟಿಗೂ ಹೆಚ್ಚು ಕಂಡಿತ್ತು. ಮದುರೆಯಲ್ಲಿ 1976ರಲ್ಲಿ ಆರಂಭವಾದ ಅರವಿಂದ ಕಣ್ಣಾಸ್ಪತ್ರೆಯವರು, ಆಪರೇಷನ್ನಿನ ಕೊನೆಯಲ್ಲಿ ಕಣ್ಣೊಳಕ್ಕೇ ಮಾಕ್ಸಿಫ್ಲಾಕ್ಸಸಿನ್ ಔಷಧ ಬಿಡುವುದರಿಂದ ಇಂಥ ಸೋಂಕು ಶೇ. 0.07ರಿಂದ ಶೇ. 0.02ಕ್ಕೆ ಇಳಿದದ್ದನ್ನು ಆರು ಲಕ್ಷ ಆಪರೇಷನ್‌ಗಳ ಲೆಕ್ಕದಿಂದ 2017ರಲ್ಲಿ ತೋರಿಸಿದರು. ಆದ್ದರಿಂದ ಲೆನ್ಸ್ ಯಾವ ದೇಶದ್ದು ಎಂದು ಕೇಳುವ ಬದಲು ಆ ಔಷಧ ಬಿಡುತ್ತೀರಾ ಎಂದು ಕೇಳುವುದು ಮೇಲು. ನಾನು ಎರಡೂ ಕಡೆ ಕೇಳಿದೆ. ಧರ್ಮಾರ್ಥ ಆಸ್ಪತ್ರೆಯಲ್ಲಿ ನರ್ಸೇ ಹೌದೆಂದರು. ಬೆಂಗಳೂರಿನ ಕೌನ್ಸೆಲರಿಗೆ ಗೊತ್ತಿರಲಿಲ್ಲ, ಡಾಕ್ಟರು ಹೌದೆಂದರು.

ಅಂಕ ಕೊಡುವುದು ನನ್ನ ಹಳೆಯ ಚಟ. ಧರ್ಮಾರ್ಥ ಆಸ್ಪತ್ರೆಗೆ ಹತ್ತಕ್ಕೆ ಎಂಟು: ಕಳೆದ ಎರಡು ಅಂಕ ಕಾಯಿಸಿದ್ದಕ್ಕಲ್ಲ, ಕನ್ನಡಕದ ವಿಷಯ ಹೇಳದಿದ್ದಕ್ಕೆ ಮತ್ತು ಇಂಗ್ಲಿಷ್ ಚೀಟಿಗೆ. ಬೆಂಗಳೂರಿನದಕ್ಕೆ ಏಳೂವರೆ: ಕೈಚಳಕಕ್ಕೆ ಪೂರ್ತಿ ಅಂಕ, ಸ್ವಾಗತದ ಮೇಜಿಗೆ ಅರ್ಧವೂ ಇಲ್ಲ. ಬಿಡುಗಡೆಯ ಹಾಳೆಯಲ್ಲಿ ಸೀಳಿನ ಜಾಗ, ಅಳತೆ, ಲೆನ್ಸಿನ ಚೀಟಿ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು ಕೊಟ್ಟದ್ದು ಅವರ ಹೆಗ್ಗಳಿಕೆ.

ಸಂಕ್ರಾಂತಿ ಕಳೆದ ಮೇಲೆ ತಾಯಿಯವರ ಎಡಗಣ್ಣಿಗೆ ಅದೇ ಧರ್ಮಾರ್ಥ ಆಸ್ಪತ್ರೆಯಲ್ಲಿ ದಿನ ಗೊತ್ತಾಗಿದೆ. ಆ ಪೊರೆಯೂ ಗಟ್ಟಿಯೇ, ವಿಧಾನವೂ ಅದೇ. ಈ ಸಲ ಪರೀಕ್ಷೆಯ ದಿನ, ಸೀಳನ್ನು ಮೇಲಿನ ಬದಲು ಪಕ್ಕದಲ್ಲಿ ಹಾಕಲು ಬರುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ. ಅವರು ಕಾರ್ನಿಯಾದ ಡೊಂಕು ಅಳೆದ ಹಾಳೆಯನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, ‘ಬರುತ್ತದೆ ಮೇಷ್ಟ್ರೇ, ಇವರಿಗೆ ಅದೇ ಸರಿ’ ಎಂದರು. ತಾಯಿಯವರ ಕಾರ್ಡಿನಲ್ಲಿ ಬರೆದಿದ್ದ ಕಣ್ಣಿನ ಚಿತ್ರಕ್ಕೆ ಕಿವಿಯ ಕಡೆಯಿಂದ ಕೆಂಪು ಶಾಯಿಯಲ್ಲಿ ಒಂದು ಬಾಣ ಎಳೆದರು.